ಕಸ ಆಯುವವರಿಗೆ ಕನಿಕರ ಬೇಡ, ಕೂಲಿ ಕೊಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರ ಓದಿದೆ. ಅವರ ಬಡಾವಣೆಗೆ ಬೆಳಗಿನ ಜಾವ ಚಿಂದಿ ಆಯುವವರು ಬರುತ್ತಾರಂತೆ. ಕಸದ ಚೀಲ ಹರಿದು ರಸ್ತೆ ತುಂಬಾ ಹರಡುತ್ತಾರಂತೆ. ಇವರನ್ನು ಬಡಾವಣೆ ಒಳಗೇ ಬಿಡಬಾರದು, ಪೊಲೀಸರು ನೋಡಿಕೊಳ್ಳಬೇಕು ಅನ್ನುವುದು ಅವರ ಒತ್ತಾಯ. ಬೆಳಿಗ್ಗೆ ಗೇಟು ತೆಗೆದಾಗ ಎದುರಿಗೆ ಹರಡಿದ ಕಸ ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಪತ್ರ ಓದಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ. ಮೈಸೂರು ರಸ್ತೆ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ನಾನು ಕೆಲವು ವರ್ಷ ಸಂಜೆ ಹೊತ್ತು ಲೆಕ್ಕ ಬರೆದಿದ್ದೇನೆ. ಆ ಚೀಲ ಹೊತ್ತು ಬರುವವರನ್ನು ಹತ್ತಿರದಿಂದ ನೋಡಿದ್ದೇನೆ, ಅವರ ಕೈಗೆ ಬೀಳುವ ದುಡ್ಡನ್ನು ನಾನೇ ಬರೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಈ ಪತ್ರ ಪ್ರಕಟಿಸಿ ಅಂತ ಕೇಳಿಕೊಳ್ಳುತ್ತೇನೆ.

ಮೊದಲು ಚೀಲ ಹರಿಯುವ ವಿಷಯ. ಹಳಸಿದ ಸಾಂಬಾರು, ಮೊಟ್ಟೆ ಸಿಪ್ಪೆ, ಮಗುವಿನ ಡೈಪರ್, ಒಡೆದ ಗಾಜಿನ ಲೋಟ, ನೀರಿನ ಬಾಟಲಿ, ಹಾಲಿನ ಕವರ್, ಎಲ್ಲವನ್ನೂ ಒಂದೇ ಕಪ್ಪು ಚೀಲಕ್ಕೆ ತುಂಬಿ, ಗಂಟು ಹಾಕಿ, ರಾತ್ರಿ ಯಾರೂ ನೋಡದ ಹೊತ್ತಲ್ಲಿ ಟ್ರಾನ್ಸ್‌ಫಾರ್ಮರ್ ಕೆಳಗೆ ಎಸೆದು ಬರುವವರು ಯಾರು? ನಾವೇ ಅಲ್ವಾ? ಒಳಗೆ ಏನಿದೆ ಅಂತ ಹೊರಗಿನಿಂದ ಕಾಣದಿದ್ದರೆ ಬಿಚ್ಚಿಯೇ ನೋಡಬೇಕು. ಗಂಟು ಬಿಚ್ಚುತ್ತಾ ಕೂತರೆ ಕಸದ ಗಾಡಿ ಬಂದುಬಿಡುತ್ತದೆ, ಅಷ್ಟರೊಳಗೆ ಇನ್ನೊಂದು ಬೀದಿಗೂ ಹೋಗಬೇಕು. ಅದಕ್ಕೇ ಹರಿಯುತ್ತಾರೆ. ಬೇರೆ ಬೇರೆ ಮಾಡಿ ಕೊಟ್ಟ ಮನೆಯ ಚೀಲವನ್ನು ಯಾರೂ ಹರಿಯುವುದಿಲ್ಲ, ಹಾಗೇ ಎತ್ತಿಕೊಂಡು ಹೋಗುತ್ತಾರೆ.

ಹೀಗೆ ಬೇರೆ ಮಾಡಿ ಕೊಡುವುದು ದೊಡ್ಡ ಮನಸ್ಸಿನ ಮಾತೇನೂ ಅಲ್ಲ, ಅದು ಕಾನೂನು. 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್ ಥರದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ಮರುವರ್ಷ, ಅಂದರೆ 2016ರಲ್ಲಿ, ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಬಂದವು. ಬೇರ್ಪಡಿಸಿದ ಕಸವನ್ನು ಅಧಿಕೃತ ತ್ಯಾಜ್ಯ ಆಯುವವರಿಗೆ ಅಥವಾ ಕಸ ಸಂಗ್ರಹಿಸುವವರಿಗೆ ಕೊಡಬೇಕು ಅಂತ ಅದರಲ್ಲಿ ಮನೆಯವರಿಗೇ ಹೇಳಿತ್ತು. ಇನ್ನೂ ಒಂದು ಮಾತಿತ್ತು ಅದರಲ್ಲಿ. ತ್ಯಾಜ್ಯ ಆಯುವವರ ಸಂಘಟನೆಗಳನ್ನು ಪಾಲಿಕೆಗಳು ಗುರುತಿಸಬೇಕು, ಕಸದ ಕೆಲಸದಲ್ಲಿ ಅವರನ್ನು ಸೇರಿಸಿಕೊಳ್ಳಬೇಕು, ಒಣ ಕಸ ಬೇರ್ಪಡಿಸಲು ಅವರಿಗೆ ಜಾಗ ಮಾಡಿಕೊಡಬೇಕು. ‘ಬಡಾವಣೆ ಒಳಗೆ ಬಿಡಬೇಡಿ’ ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಆ ಓದುಗರ ಬಡಾವಣೆಯ ಸಂಘದವರು ಬೆಳಿಗ್ಗೆ ಬರುವ ಆ ಮನುಷ್ಯರನ್ನು ಒಂದು ಸಲ ನಿಲ್ಲಿಸಿ ಮಾತಾಡಲಿ. ವಾರದಲ್ಲಿ ಯಾವ ದಿನ ಒಣ ಕಸ ಕೊಡುತ್ತೇವೆ, ಎಲ್ಲಿ ಇಟ್ಟಿರುತ್ತೇವೆ ಅಂತ ಹೇಳಲಿ. ಹರಡುವ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಈಗ ಅವರ ಕೆಲಸ ಏನು ಅಂತ ಸ್ವಲ್ಪ ಹೇಳುತ್ತೇನೆ. ಹೊರಗಿನಿಂದ ನೋಡುವವರಿಗೆ ಒಬ್ಬ ಹೆಂಗಸು, ಬೆನ್ನ ಮೇಲೆ ಅವಳಿಗಿಂತ ದೊಡ್ಡ ಚೀಲ, ಅಷ್ಟೇ ಕಾಣುತ್ತದೆ. ಅವರಲ್ಲಿ ಹೆಂಗಸರೇ ತುಂಬಾ. ನಸುಕಲ್ಲಿ ಎದ್ದು ಹೊರಡುತ್ತಾರೆ, ಯಾಕೆಂದರೆ ಪಾಲಿಕೆಯ ಆಟೋ ಟಿಪ್ಪರ್ ಬರುವುದಕ್ಕಿಂತ ಮೊದಲು ಕಸ ಸಿಗಬೇಕು. ಮಧ್ಯಾಹ್ನದ ಹೊತ್ತಿಗೆ ಚೀಲ ತುಂಬಿ ತಂದು ಗುಜರಿ ಅಂಗಡಿ ಮುಂದೆಯೋ ತಮ್ಮ ಶೆಡ್ ಮುಂದೆಯೋ ಸುರಿದುಕೊಂಡು ವಿಂಗಡಿಸಲು ಕೂರುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿ.

ನ್ಯೂಸ್ ಪೇಪರ್ ಬೇರೆ, ಬರೆದ ಬಿಳಿ ಪೇಪರ್ ಬೇರೆ, ರಟ್ಟು ಬೇರೆ. ಹಾಲಿನ ಕವರ್‌ಗೆ ಒಳ್ಳೆ ರೇಟು, ಆದರೆ ತೊಳೆದು ಒಣಗಿಸಿರಬೇಕು, ವಾಸನೆ ಹೊಡೆಯುತ್ತಿದ್ದರೆ ಬೆಲೆ ಇಲ್ಲ. ನೀರಿನ ಬಾಟಲಿ ಒಂದು ಜಾತಿಯ ಪ್ಲಾಸ್ಟಿಕ್, ಅದರ ಮುಚ್ಚಳ ಇನ್ನೊಂದು ಜಾತಿ, ಸುತ್ತಿದ ಲೇಬಲ್ ಮತ್ತೊಂದು. ಮೂರನ್ನೂ ಬಿಡಿಸಬೇಕು. ಬಕೆಟ್, ಮಗ್, ಶಾಂಪೂ ಡಬ್ಬಿ, ಮುರಿದ ಕುರ್ಚಿ, ಪೈಪು, ಇವೆಲ್ಲಾ ನಮಗೆ ‘ಪ್ಲಾಸ್ಟಿಕ್’. ಅವರಿಗೆ ಒಂದೊಂದೂ ಬೇರೆ ಬೇರೆ ಸಾಮಾನು. ಬೆರಳಲ್ಲಿ ತಟ್ಟಿದರೆ ಬರುವ ಸದ್ದು, ಮಡಚಿದಾಗ ಬಿಳಿಚಿಕೊಳ್ಳುತ್ತದಾ ಇಲ್ಲವಾ, ನೀರಿಗೆ ಹಾಕಿದರೆ ತೇಲುತ್ತದಾ ಮುಳುಗುತ್ತದಾ, ಇಷ್ಟರಲ್ಲೇ ಯಾವ ಜಾತಿ ಅಂತ ಹೇಳಿಬಿಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸೊಬ್ಬರು ಹೀಗೆ ರಾಶಿ ಬೇರೆ ಮಾಡುವುದನ್ನು ನೋಡುತ್ತಾ ನಾನು ಲೆಕ್ಕದ ಪುಸ್ತಕ ಮುಚ್ಚಿ ಕೂತಿದ್ದಿದೆ. ಕಬ್ಬಿಣ ಅನ್ನುವುದಕ್ಕೆ ಅಯಸ್ಕಾಂತ ಇದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಗುರುತಿಸಲು ಅವರ ಕಣ್ಣೇ ಸಾಕು.

ಅಲ್ಲಿಂದ ಮುಂದೆ ಸಾಮಾನು ಎಲ್ಲೆಲ್ಲಿಗೆ ಹೋಗುತ್ತದೆ ಗೊತ್ತಾ? ಸಣ್ಣ ಗುಜರಿ ಅಂಗಡಿಯಿಂದ ಒಂದೊಂದೇ ಸಾಮಾನು ಹಿಡಿಯುವ ದೊಡ್ಡ ವ್ಯಾಪಾರಿಗೆ. ಅಲ್ಲಿಂದ ಬೆಂಗಳೂರಿನದ್ದೇ ಜಾಲಿ ಮೊಹಲ್ಲಾಕ್ಕೆ, ನಾಯಂಡಹಳ್ಳಿಗೆ. ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ಕನ್ನು ಪುಡಿ ಮಾಡಿ, ತೊಳೆದು, ಕರಗಿಸಿ ಕಾಳಿನ ಗಾತ್ರದ ಹರಳು ಮಾಡುತ್ತಾರೆ. ಅದರಿಂದ ಮತ್ತೆ ಬಕೆಟ್, ಪೈಪು. ನೀರಿನ ಬಾಟಲಿ ನೂಲಾಗಿ ಬಟ್ಟೆಗೆ ಹೋಗುತ್ತದೆ, ದಿಂಬಿನೊಳಗೆ ತುಂಬುವ ಪಾಲಿಯೆಸ್ಟರ್ ಹತ್ತಿಯಾಗುತ್ತದೆ. ರಟ್ಟು ಮತ್ತೆ ರಟ್ಟಾಗುತ್ತದೆ. ಬಾಚಣಿಗೆಗೆ ಸುತ್ತಿಕೊಂಡ ಕೂದಲೂ ವ್ಯರ್ಥವಲ್ಲ. ಮನೆಮನೆಗೆ ಹೋಗಿ ಪಿನ್ನು, ಪಾತ್ರೆ ಕೊಟ್ಟು ಉದುರಿದ ಕೂದಲು ಕೊಳ್ಳುವವರನ್ನು ಉತ್ತರ ಕರ್ನಾಟಕದವರು ನೋಡಿರುತ್ತೀರಿ. ಕೊಪ್ಪಳ ಪಕ್ಕದ ಭಾಗ್ಯನಗರದಲ್ಲಿ ಅದನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಕಟ್ಟಿ ವಿದೇಶಕ್ಕೆ ಕಳಿಸುವ ದೊಡ್ಡ ಉದ್ಯಮವೇ ಇದೆ. ವಿಗ್ಗಿನ ವ್ಯಾಪಾರ ಅದು. ಒಂದು ಊರಿನ ಎಷ್ಟೋ ಮನೆಗಳು ನಾವು ಕಿಟಕಿಯಿಂದ ಎಸೆದ ಕೂದಲಿನ ಮೇಲೆ ಬದುಕುತ್ತಿವೆ ಅನ್ನುವುದು ಎಷ್ಟು ಜನರಿಗೆ ಗೊತ್ತು?

ಇಷ್ಟು ದೊಡ್ಡ ಸರಪಳಿಯಲ್ಲಿ ಎಲ್ಲಕ್ಕಿಂತ ಕೆಳಗಿರುವವರು ಬೀದಿಯಲ್ಲಿ ಆಯುವವರು. ಅವರಿಗೆ ಸಂಬಳ ಅನ್ನುವುದಿಲ್ಲ. ಮಾರಿದ ಸಾಮಾನಿನ ಬೆಲೆ ಬಿಟ್ಟರೆ ಬೇರೆ ಒಂದು ಪೈಸೆ ಇಲ್ಲ. ಆ ಬೆಲೆಯೂ ಅವರ ಕೈಯಲ್ಲಿಲ್ಲ. ಕಚ್ಚಾ ತೈಲದ ಬೆಲೆ ಬಿದ್ದರೆ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ, ಆಗ ಹಳೇ ಪ್ಲಾಸ್ಟಿಕ್ ಯಾರಿಗೂ ಬೇಡ. ಎಲ್ಲೋ ಅರಬ್ ದೇಶದಲ್ಲಿ ತೈಲ ಇಳಿಯಿತು ಅಂತ ನಾವು ಪೇಪರ್‌ನಲ್ಲಿ ಓದಿ ಖುಷಿ ಪಡುವಾಗ ಇಲ್ಲಿ ಬಾಟಲಿ ಆಯುವ ಹೆಂಗಸಿನ ಸಂಜೆಯ ದುಡ್ಡು ಇಳಿದಿರುತ್ತದೆ. ಮಳೆಗಾಲ ಬಂದರೆ ಇನ್ನೂ ಕಷ್ಟ. ನೆನೆದ ರಟ್ಟಿಗೆ ನೀರಿನ ತೂಕ ಅಂತ ಕಳೆಯುತ್ತಾರೆ. ಕೆಲವು ಅಂಗಡಿಯವರು ನ್ಯಾಯವಾಗಿ ಕಳೆಯುತ್ತಾರೆ, ಕೆಲವರು ಕೈಗೆ ಬಂದಷ್ಟು. ನಾನು ಲೆಕ್ಕ ಬರೆದ ಅಂಗಡಿಯ ಯಜಮಾನರು ಕೆಟ್ಟವರಲ್ಲ. ಮಗುವಿಗೆ ಜ್ವರ, ಸ್ಕೂಲ್ ಫೀಸು, ಊರಲ್ಲಿ ಸಾವು ಅಂದರೆ ರಾತ್ರಿಯಾದರೂ ದುಡ್ಡು ಕೊಡುತ್ತಿದ್ದರು. ಬ್ಯಾಂಕು ಕೊಡುತ್ತದಾ ಇವರಿಗೆ? ಆದರೆ ಅಡ್ವಾನ್ಸ್ ಪಡೆದ ಮೇಲೆ ಆ ಮನೆಯವರು ಬೇರೆ ಅಂಗಡಿಗೆ ಸಾಮಾನು ಹಾಕುವ ಹಾಗಿಲ್ಲ, ರೇಟು ಎಷ್ಟು ಅಂತ ಬಾಯಿ ಬಿಡುವ ಹಾಗೂ ಇಲ್ಲ. ಪುಸ್ತಕದಲ್ಲಿ ಆ ಸಾಲ ತೀರಿದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಹಳೇದು ಮುಗಿಯುವ ಮೊದಲೇ ಹೊಸದು ಸೇರುತ್ತಿತ್ತು.

ಕೈಗಳ ಬಗ್ಗೆಯೂ ಹೇಳಬೇಕು. ದುಡ್ಡು ಎಣಿಸಿಕೊಳ್ಳುವಾಗ ಚಾಚುವ ಕೈಯಲ್ಲಿ ಗಾಯ ಇಲ್ಲದ ದಿನ ಇರಲಿಲ್ಲ. ಒಡೆದ ಗಾಜು, ಬ್ಲೇಡು, ತಗಡು. ಇನ್ನು ಸಿರಿಂಜ್. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಈಗ ಎಷ್ಟು ಜನ ಇದ್ದೀರಿ! ಸೂಜಿಯನ್ನು ಎಲ್ಲಿ ಹಾಕುತ್ತೀರಿ? ದಯವಿಟ್ಟು ಒಂದು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬೇರೆಯಾಗಿ ಕೊಡಿ. ಪ್ಯಾಡು, ಡೈಪರ್‌ಗಳನ್ನು ಪೇಪರ್‌ನಲ್ಲಿ ಸುತ್ತಿ ಗುರುತು ಹಾಕಿ. ಗಾಜು ಒಡೆದರೆ ದಪ್ಪ ಪೇಪರ್‌ನಲ್ಲಿ ಸುತ್ತಿ. ಅವರಲ್ಲಿ ಎಷ್ಟೋ ಜನರಿಗೆ ಗ್ಲೌಸ್ ಇಲ್ಲ. ಕೊಟ್ಟರೂ ಹಾಕುವುದಿಲ್ಲ ಅಂತ ದೂರುವವರಿದ್ದಾರೆ. ದಪ್ಪ ಗ್ಲೌಸ್ ಹಾಕಿದ ಬೆರಳಿಗೆ ಹಾಲಿನ ಕವರ್ ಯಾವುದು, ತೆಳು ಪ್ಲಾಸ್ಟಿಕ್ ಯಾವುದು ಗೊತ್ತಾಗುವುದಿಲ್ಲ. ಕೆಲಸಕ್ಕೆ ಹೊಂದುವ ಗ್ಲೌಸ್ ಬೇಕು.

ಆ ಓದುಗರು ‘ಕಳ್ಳರು’ ಅನ್ನುವ ಪದವನ್ನೂ ಬರೆದಿದ್ದರು. ಕಳ್ಳತನ ಮಾಡುವವನು ಯಾವ ಕೆಲಸದಲ್ಲಿದ್ದರೂ ಕಳ್ಳನೇ, ಅವನ ಮೇಲೆ ದೂರು ಕೊಡಿ, ನನ್ನ ತಕರಾರಿಲ್ಲ. ಆದರೆ ಬೀದಿಯಲ್ಲಿ ಏನೇ ಕಾಣೆಯಾದರೂ ಮೊದಲು ಹಿಡಿದು ನಿಲ್ಲಿಸುವುದು ಚೀಲ ಹೊತ್ತವರನ್ನು. ಈ ಕಾಟ ತಪ್ಪಿಸಲೆಂದೇ ಗುರುತಿನ ಚೀಟಿ ಬಂದದ್ದು. 2011ರಲ್ಲಿ ಲೋಕ ಅದಾಲತ್ ಇವರನ್ನು ನೋಂದಾಯಿಸಿ ಚೀಟಿ ಕೊಡಿ ಅಂತ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ ಹೇಳಿತು. ‘ಹಸಿರು ದಳ’ದಂಥ ಸಂಘಟನೆಗಳು ಓಡಾಡಿ ಸಾವಿರಾರು ಜನರಿಗೆ ಆ ಚೀಟಿ ಸಿಕ್ಕಿತು. ಪಾಲಿಕೆಯ ಮೊಹರು ಇರುವ ಆ ಚೀಟಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ರವಿಕೆಯೊಳಗೆ ಇಟ್ಟುಕೊಂಡ ಅಕ್ಕನೊಬ್ಬರು ‘ಅಣ್ಣ, ಈಗ ಯಾರಾದ್ರೂ ಕೇಳಿದ್ರೆ ಇದನ್ನ ತೋರಿಸ್ತೀನಿ, ನಾನೂ ಕೆಲಸದವಳೇ ಅಂತೀನಿ’ ಅಂದಿದ್ದರು. ಆದರೆ ಚೀಟಿ ಸಿಗದವರು ಇನ್ನೂ ತುಂಬಾ ಜನ ಇದ್ದಾರೆ. ಹೊಸದಾಗಿ ಊರು ಬಿಟ್ಟು ಬಂದವರು, ಅಸ್ಸಾಂ ಬಂಗಾಳದ ಕಡೆಯಿಂದ ಬಂದವರು, ನಮ್ಮದೇ ಕಲ್ಯಾಣ ಕರ್ನಾಟಕದಿಂದ ಗುಳೆ ಬಂದವರು. ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡು ಅದಕ್ಕೂ ಬಾಡಿಗೆ ಕೊಟ್ಟು ಇರುತ್ತಾರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಡ ಕೂಲಿಗಳ ಶೆಡ್‌ಗಳನ್ನು ‘ಬಾಂಗ್ಲಾದೇಶದವರು’ ಅಂತ ಹೇಳಿ ಒಡೆದು ಹಾಕಿದ್ದು ನೆನಪಿರಬಹುದು. ಒಳಗಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಕೈಯಲ್ಲಿ ವೋಟರ್ ಕಾರ್ಡು, ಆಧಾರ್ ಇತ್ತು. ಕೊನೆಗೆ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಮನೆ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ, ಕಸಕ್ಕೆ ಇವರು ಬೇಕು, ಇರಲು ಮಾತ್ರ ಜಾಗ ಕೊಡುವುದಿಲ್ಲ ಅಂದರೆ ಹೇಗೆ?

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಪಾಪ’ ಅನ್ನುತ್ತಾರೆ. ಹಬ್ಬಕ್ಕೆ ಸೀರೆ ಕೊಡುತ್ತಾರೆ, ಚಳಿಗಾಲಕ್ಕೆ ಕಂಬಳಿ ಕೊಡುತ್ತಾರೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಅವರು ಮಾಡುತ್ತಿರುವುದು ನಗರದ ಕೆಲಸ, ಅದಕ್ಕೆ ನಗರ ಕೂಲಿ ಕೊಡುತ್ತಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ 5,000 ಟನ್ ಆಸುಪಾಸು ಕಸ ಬರುತ್ತದೆ. ಅದನ್ನು ಎತ್ತಿ ದೂರದ ಹಳ್ಳಿ ಪಕ್ಕದ ಗುಂಡಿಗೆ ಸುರಿಯುವುದಕ್ಕೆ ಗುತ್ತಿಗೆದಾರರಿಗೆ ವಾಹನದ ಲೆಕ್ಕದಲ್ಲೋ ಟನ್ ಲೆಕ್ಕದಲ್ಲೋ ದುಡ್ಡು ಹೋಗುತ್ತದೆ. ಅದೇ ಕಸದಲ್ಲಿ ಒಂದು ಪಾಲನ್ನು ಲಾರಿಗೆ ಹೋಗದ ಹಾಗೆ ತಡೆದು, ಹೆಗಲ ಮೇಲೆ ಹೊತ್ತು, ವಿಂಗಡಿಸಿ, ಕಾರ್ಖಾನೆಗೆ ತಲುಪುವ ಹಾಗೆ ಮಾಡುವವರಿಗೆ ಸೊನ್ನೆ. ಅಂದರೆ ಕಸವನ್ನು ಕಸವಾಗಿಯೇ ಸಾಗಿಸಿದರೆ ಪಾಲಿಕೆಯಿಂದ ಹಣ, ಕಸವನ್ನು ಕಮ್ಮಿ ಮಾಡಿದರೆ ಏನೂ ಇಲ್ಲ. ಯಾವ ಲೆಕ್ಕದ ಪುಸ್ತಕದಲ್ಲಿ ಇದನ್ನು ಬರೆದರೂ ತಪ್ಪು ಲೆಕ್ಕವೇ.

ಆ ಗುಂಡಿಗಳ ಪಕ್ಕದ ಹಳ್ಳಿಗಳನ್ನೂ ಮರೆಯಬಾರದು. 2012ರಲ್ಲಿ ಮಾವಳ್ಳಿಪುರದ ಜನ ತಿರುಗಿಬಿದ್ದು ಅಲ್ಲಿ ಕಸ ಸುರಿಯುವುದು ನಿಂತಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಕೊಳೆತದ್ದು ದೊಡ್ಡವರಿಗೆಲ್ಲ ನೆನಪಿದೆ. ಮಂಡೂರಿನ ಜನ ವರ್ಷಗಟ್ಟಲೆ ವಾಸನೆ, ನೊಣ, ಕೆಟ್ಟ ನೀರು ಸಹಿಸಿ, ಹೋರಾಡಿ, 2014ರ ಕೊನೆಗೆ ಅಲ್ಲಿ ಸುರಿಯುವುದನ್ನು ನಿಲ್ಲಿಸಿದರು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನ ಮಳೆಗೆ ಕಸದ ಗುಡ್ಡವೇ ಜರಿದು ಪಕ್ಕದ ಮಂದಾರ ಅನ್ನುವ ಊರಿನ ತೋಟ, ಮನೆಗಳ ಮೇಲೆ ಬಂತು. ಬೀದಿಯಲ್ಲಿ ಆಯುವ ಕೈಗಳು ಇಲ್ಲದಿದ್ದರೆ ಈ ಗುಡ್ಡಗಳು ಇನ್ನೂ ಬೇಗ, ಇನ್ನೂ ಎತ್ತರ ಬೆಳೆಯುತ್ತಿದ್ದವು.

ಪೌರಕಾರ್ಮಿಕರ ಉದಾಹರಣೆ ನೋಡಿ. ಅವರೂ ವರ್ಷಾನುಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ಕಡಿಮೆ ಸಂಬಳಕ್ಕೆ ದುಡಿದರು. ಹೋರಾಟ ಮಾಡಿದರು, 2022ರಲ್ಲಿ ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,000ಕ್ಕೂ ಜಾಸ್ತಿ ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ಎಷ್ಟು ತಡವಾಗಿಯಾದರೂ ಸಿಕ್ಕಿತಲ್ಲ, ಸಂತೋಷ. ಅದೇ ಬೀದಿಯಲ್ಲಿ ಅವರಿಗಿಂತ ಒಂದು ಗಂಟೆ ಮೊದಲು ಬಂದು ಹೋಗುವವರು ಮಾತ್ರ ಸಂಬಳದ ಯಾವ ಪಟ್ಟಿಯಲ್ಲೂ ಇಲ್ಲ. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಒಂದು ಕಾಯ್ದೆಯಾದರೂ ಬಂತು. ಕಸ ಆಯುವವರಿಗೆ ಅಂಥ ಕಾಯ್ದೆ ಇಲ್ಲ. ‘ನಮಸ್ತೆ’ ಅನ್ನುವ ಕೇಂದ್ರದ ಯೋಜನೆ ಮೊದಲು ಒಳಚರಂಡಿ ಕೆಲಸದವರಿಗೆ ಇತ್ತು, 2024ರಲ್ಲಿ ಇವರನ್ನೂ ಅದರೊಳಗೆ ಸೇರಿಸಿದರು. ಒಳ್ಳೆಯದು. ಆದರೆ ಅದರಿಂದ ದಿನದ ಕೂಲಿ ಬರುವುದಿಲ್ಲ.

ಕೂಲಿ ಕೊಡಲು ಸಾಧ್ಯವಾ ಅಂತ ಕೇಳುವವರಿಗೆ ಎರಡು ಊರು ತೋರಿಸುತ್ತೇನೆ. ಒಂದು ಪುಣೆ. ಅಲ್ಲಿ 1993ರಲ್ಲಿ ಕಾಗದ, ಗಾಜು, ಡಬ್ಬಿ ಆಯುವವರೇ ಸೇರಿ ಸಂಘ ಕಟ್ಟಿದರು. ಅದರಿಂದ ‘ಸ್ವಚ್ಛ್’ ಅನ್ನುವ ಸಹಕಾರ ಸಂಘ ಹುಟ್ಟಿ, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು, ಅದರ ಸದಸ್ಯರೇ ಮನೆಮನೆಗೆ ಹೋಗಿ ಕಸ ಪಡೆಯುತ್ತಾರೆ. ಮನೆಯವರು ತಿಂಗಳಿಗೆ ಇಷ್ಟು ಅಂತ ಅವರಿಗೇ ಕೊಡುತ್ತಾರೆ, ಒಣ ಕಸ ಮಾರಿದ ದುಡ್ಡೂ ಅವರದ್ದೇ. ತೊಂದರೆಗಳೇ ಇಲ್ಲ ಅಂತಲ್ಲ, ಒಪ್ಪಂದ ಮುಂದುವರಿಸಲು ಅವರು ಪದೇ ಪದೇ ಬಡಿದಾಡಬೇಕಾಗಿದೆ. ಆದರೂ ಚೀಲ ಹೊತ್ತು ಕದ್ದುಮುಚ್ಚಿ ಬರುವವರಾಗಿದ್ದ ಹೆಂಗಸರು ಅಲ್ಲಿ ಬಾಗಿಲು ತಟ್ಟಿ ಕಸ ಕೇಳುತ್ತಾರೆ. ಇನ್ನೊಂದು ಊರು ತುಂಬಾ ದೂರದ್ದು, ಕೊಲಂಬಿಯಾ ದೇಶದ ಬೊಗೊಟಾ. ಅಲ್ಲಿನ ಆಯುವವರು ಸಂಘ ಕಟ್ಟಿ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ ಗೆದ್ದರು. 2013ರಿಂದ ಅವರು ಸಂಗ್ರಹಿಸಿದ ಸಾಮಾನನ್ನು ತೂಕ ಮಾಡಿ, ಮಾರಿದ ಬೆಲೆಯ ಮೇಲೆ ಬೇರೆಯಾಗಿ, ನಗರವೇ ಅವರಿಗೆ ಸೇವೆಯ ಹಣ ಕೊಡಲು ಶುರು ಮಾಡಿತು. ಜನ ಕಸಕ್ಕೆ ಕಟ್ಟುವ ಶುಲ್ಕದಿಂದಲೇ ಆ ಹಣ. ಬೊಗೊಟಾ ನಮಗಿಂತ ಸಿರಿವಂತ ನಗರ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಲ್ಲಿ ಬೇಕಾಗಿರುವುದು ಒಂದು ತಕ್ಕಡಿ, ಒಂದು ಪುಸ್ತಕ, ಕೊಡುವ ಮನಸ್ಸು.

ದುಡ್ಡು ಎಲ್ಲಿಂದ ಅನ್ನುತ್ತೀರಾ? ನಮ್ಮ ಜೇಬಿನಿಂದಲೇ ಈಗಾಗಲೇ ಹೋಗುತ್ತಿದೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳಿಗೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕ ಹಾಕಿದ್ದಾರೆ, ಆಸ್ತಿ ತೆರಿಗೆ ಜೊತೆಗೇ ಕಟ್ಟಬೇಕು. ಶುಲ್ಕ ಬಂದಾಗ ಗಲಾಟೆ ಆಯಿತು. ನಾನು ಶುಲ್ಕಕ್ಕೆ ವಿರೋಧಿಯಲ್ಲ, ಕಸ ಮಾಡುವವರು ಕಟ್ಟಲಿ. ಆದರೆ ಆ ದುಡ್ಡಿನಲ್ಲಿ ಆಯುವವರ ಪಾಲು ಎಷ್ಟು? ಪ್ಲಾಸ್ಟಿಕ್ ಕಂಪನಿಗಳ ಮೇಲೂ ಈಗ ಜವಾಬ್ದಾರಿ ಇದೆ. ತಾವು ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗ್‌ಗೆ ಲೆಕ್ಕ ಕೊಡಬೇಕು, ಮರುಬಳಕೆ ಆಯಿತು ಅನ್ನುವ ಸರ್ಟಿಫಿಕೇಟ್ ಕೊಳ್ಳಬೇಕು ಅಂತ 2022ರಲ್ಲಿ ನಿಯಮ ಬಂತು. ಆ ಸರ್ಟಿಫಿಕೇಟ್‌ಗೂ ಬೆಲೆ ಇದೆ, ಅದು ಕಾರ್ಖಾನೆಯವರ ಹೆಸರಲ್ಲಿ ಹುಟ್ಟುತ್ತದೆ. ಬಾಟಲಿಯನ್ನು ಮೋರಿಯಿಂದ ಎತ್ತಿದವರ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ.

ಇದಕ್ಕೆ ಇನ್ನೊಂದು ಅಪಾಯ ಸೇರಿಕೊಂಡಿದೆ. ಬಿಡದಿಯಲ್ಲಿ ಕಸ ಸುಟ್ಟು ಕರೆಂಟು ಮಾಡುವ 11.5 ಮೆಗಾವಾಟ್ ಸ್ಥಾವರ ಕಟ್ಟಿದ್ದಾರೆ, ದಿನಕ್ಕೆ 600 ಟನ್ ಕಸ ಬೇಕು ಅದಕ್ಕೆ. ಹಸಿ ಕಸ ಚೆನ್ನಾಗಿ ಉರಿಯುವುದಿಲ್ಲ. ಉರಿಯುವುದು ಪೇಪರ್, ರಟ್ಟು, ಪ್ಲಾಸ್ಟಿಕ್, ಬಟ್ಟೆ. ಅಂದರೆ ಆಯುವವರ ಅನ್ನ. ಮಾರಾಟವಾಗದ ಚಿಪ್ಸ್ ಪ್ಯಾಕೆಟ್, ಬಿಸ್ಕತ್ ಕವರ್ ಥರದ್ದನ್ನು ಏನು ಮಾಡಬೇಕು ಅನ್ನುವುದು ನಿಜವಾಗಲೂ ಕಷ್ಟದ ಪ್ರಶ್ನೆ. ಅದಕ್ಕೆ ಗುಜರಿಯಲ್ಲೂ ಗಿರಾಕಿ ಇಲ್ಲ, ಬೇಕಿದ್ದರೆ ಅದನ್ನು ಸುಡಲಿ. ಆದರೆ ಮತ್ತೆ ಬಳಸಲು ಬರುವ ಒಂದು ಕಿಲೋ ರಟ್ಟು ಕೂಡ ಒಲೆಗೆ ಹೋಗುವ ಮೊದಲು ಆಯುವವರ ಕೈ ದಾಟಿ ಹೋಗಬೇಕು. ಒಣ ಕಸದ ಮೇಲೆ ಮೊದಲ ಹಕ್ಕು ಅವರದ್ದು ಅಂತ ನಗರದ ಬೈಲಾದಲ್ಲಿ ಬರೆಯಬೇಕು. ಗುತ್ತಿಗೆಯ ಕಾಗದದಲ್ಲೂ ಬರೆಯಬೇಕು.

ವಾರ್ಡ್‌ಗಳಲ್ಲಿರುವ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳ ಬಗ್ಗೆ ಎಷ್ಟೋ ಓದುಗರಿಗೆ ಗೊತ್ತೇ ಇಲ್ಲ. ಕೆಲವು ಕೇಂದ್ರಗಳನ್ನು ಒಂದು ಕಾಲಕ್ಕೆ ಬೀದಿಯಲ್ಲಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ನಾನು ಒಂದು ಕೇಂದ್ರಕ್ಕೆ ಆಗಾಗ ಹೋಗುತ್ತೇನೆ. ಅದನ್ನು ನಡೆಸುವ ಹೆಣ್ಣುಮಗಳು ಚಿಕ್ಕಂದಿನಲ್ಲಿ ಅಮ್ಮನ ಜೊತೆ ಚೀಲ ಹಿಡಿದು ಬೀದಿ ಸುತ್ತಿದವರು. ಈಗ ಅವರ ಕೈಕೆಳಗೆ ಜನ ಇದ್ದಾರೆ, ಲೆಕ್ಕ ಅವರೇ ಬರೆಯುತ್ತಾರೆ, ಗಾಡಿಯವರನ್ನು ಜೋರು ಮಾಡುತ್ತಾರೆ. ‘ಮಕ್ಕಳನ್ನ ಮಾತ್ರ ಇದಕ್ಕೆ ತರಲ್ಲ ಸಾರ್, ಓದಲಿ’ ಅನ್ನುತ್ತಾರೆ. ಅದೇ ಸರಿ. ಮಕ್ಕಳು ಈ ಕೆಲಸದಲ್ಲಿ ಇರಲೇಬಾರದು. ಆದರೆ ತಾಯಿಯ ಕೂಲಿ ಗಟ್ಟಿಯಾಗದೆ ಮಗು ಶಾಲೆಯಲ್ಲಿ ಉಳಿಯುವುದಿಲ್ಲ, ಇದನ್ನು ನಾನು ಅಂಗಡಿಯ ಪುಸ್ತಕದಲ್ಲೇ ನೋಡಿದ್ದೇನೆ. ಜೂನ್ ತಿಂಗಳ ಅಡ್ವಾನ್ಸ್‌ಗಳ ಪಕ್ಕದಲ್ಲೆಲ್ಲ ‘ಸ್ಕೂಲು’ ಅಂತಲೇ ಬರೆದಿರುತ್ತಿದ್ದೆ.

ಆ ಕೇಂದ್ರಗಳೂ ಸುಖವಾಗಿಲ್ಲ. ಜಾಗ ಸಾಲದು, ಎಷ್ಟೋ ಕಡೆ ನೀರು, ಶೌಚಾಲಯ ಸರಿಯಿಲ್ಲ. ಹೆಂಗಸರು ದಿನವಿಡೀ ದುಡಿಯುವ ಕಡೆ ಶೌಚಾಲಯ ಇಲ್ಲದಿದ್ದರೆ ಏನು ಪಾಡು ಅಂತ ಅಧಿಕಾರಿಗಳಿಗೆ ಬಿಡಿಸಿ ಹೇಳಬೇಕಾ? ಬೆಂಕಿ ನಂದಿಸುವ ಸಾಮಾನು ಇರಬೇಕು, ಪೇಪರ್ ಪ್ಲಾಸ್ಟಿಕ್ ತುಂಬಿದ ಶೆಡ್ ಅದು. ಸುತ್ತಮುತ್ತಲಿನ ಮನೆಯವರೂ ‘ನಮ್ಮ ರಸ್ತೆಯಲ್ಲಿ ಬೇಡ’ ಅಂತ ದೂರು ಕೊಡುವುದನ್ನು ನಿಲ್ಲಿಸಬೇಕು. ನಮ್ಮ ಕಸ ನಮ್ಮ ವಾರ್ಡ್‌ನಲ್ಲೇ ವಿಂಗಡಣೆ ಆಗದೆ ಇನ್ನೆಲ್ಲಿ ಆಗಬೇಕು?

ನಿಮ್ಮ ಪತ್ರಿಕೆ ಮೂಲಕ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯವರಿಗೆ, ಬಿಬಿಎಂಪಿ ಬದಲು ಬಂದಿರುವ ಐದೂ ನಗರ ಪಾಲಿಕೆಗಳ ಆಯುಕ್ತರಿಗೆ ಕೆಲವು ಪ್ರಶ್ನೆ ಕೇಳುತ್ತಿದ್ದೇನೆ. ಕಸದ ಶುಲ್ಕವಾಗಿ ಬಂದ ಹಣದಲ್ಲಿ ತ್ಯಾಜ್ಯ ಆಯುವವರಿಗೆ ಎಂದು ಎಷ್ಟು ತೆಗೆದಿಟ್ಟಿದ್ದೀರಿ? ಅವರು ತಂದ ಒಣ ಕಸಕ್ಕೆ ಕಿಲೋ ಲೆಕ್ಕದಲ್ಲಿ ಸೇವೆಯ ಕೂಲಿ ಕೊಡುವ ಪ್ರಸ್ತಾವ ನಿಮ್ಮ ಮುಂದೆ ಇದೆಯಾ? ಇಲ್ಲದಿದ್ದರೆ ಯಾವಾಗ ತರುತ್ತೀರಿ? ಹೊಸ ಗುತ್ತಿಗೆಗಳಲ್ಲಿ ಒಣ ಕಸ ಯಾರಿಗೆ ಸೇರುತ್ತದೆ ಅಂತ ಬರೆದಿದ್ದೀರಿ? ಗುರುತಿನ ಚೀಟಿಗೆ ಹೊಸ ನೋಂದಣಿಯನ್ನು ವಾರ್ಡ್ ಮಟ್ಟದಲ್ಲಿ, ಅವರು ಕೆಲಸ ಮುಗಿಸಿ ಬರುವ ಸಂಜೆ ಹೊತ್ತಲ್ಲಿ ಯಾಕೆ ಮಾಡಬಾರದು? ಬೆಳಿಗ್ಗೆ ಹತ್ತರಿಂದ ಐದರವರೆಗೆ ಕಚೇರಿಗೆ ಬಾ ಅಂದರೆ ಅವರ ಒಂದು ದಿನದ ಊಟ ಹೋಗುತ್ತದೆ.

ಈ ಪ್ರಶ್ನೆಗಳಿಗೆ ಅವರು ಇದೇ ಪುಟದಲ್ಲಿ ಉತ್ತರ ಕೊಡಲಿ. ಉತ್ತರ ಬರದಿದ್ದರೆ ನಿಮ್ಮ ವರದಿಗಾರರು ಹೋಗಿ ಕೇಳಲಿ ಅಂತ ವಿನಂತಿ. ಹೋಗುವ ಮೊದಲು ಒಂದು ಸಂಜೆ ಯಾವುದಾದರೂ ಗುಜರಿ ಅಂಗಡಿಯ ತಕ್ಕಡಿ ಪಕ್ಕ ಕೂತು ಯಾರಿಗೆ ಎಷ್ಟು ಸಿಗುತ್ತದೆ ಅಂತ ಬರೆದುಕೊಂಡು ಹೋಗಲಿ.

ಇಂತಿ ನಿಮ್ಮ ಓದುಗ,
ಬೆಂಗಳೂರು